ಕಪ್ಪು ತಂತಿ ಮೊದಲು ಎಲ್ಲಿತ್ತು?

“ಗಿಟಾರ್ ಮೇಲೆ ಒಂದು ಗೀರು ಬಿದ್ದರೂ ನಿಮ್ಮನ್ನ ಸುಮ್ಮನೆ ಬಿಡಲ್ಲ ಮೇಡಂ,” ಎಂದ ಲೀಡ್.

“ನಿನ್ನನ್ನ ಸುಮ್ಮನೆ ಬಿಡೋ ಆಸೆ ನನಗೂ ಇಲ್ಲ,” ಎಂದು ಗಿಟಾರನ್ನು ಬೋರಲು ಮಲಗಿಸಿ, ಅದರ ಬೆನ್ನಿನ ಮುಚ್ಚಳದ ಮೊದಲ ಸ್ಕ್ರೂ ಸಡಿಲಿಸಿದೆ.

ತಂಡದಲ್ಲಿ ಲೀಡ್ ಗಿಟಾರ್ ನುಡಿಸುವವನು, ಅದಕ್ಕೇ ಎಲ್ಲರ ಬಾಯಲ್ಲೂ ಅವನು ಲೀಡ್. ಮೂರು ವರ್ಷ ನಮ್ಮ ಮನೆಯಲ್ಲಿ ಉಂಡು, ನನ್ನನ್ನು ಬಾಯ್ತುಂಬ ಅಕ್ಕ ಎಂದವನು. ಹಿಂದಿನ ದಿನ, ಗುರುವಾರ ಸಂಜೆ ಪೊಲೀಸರು ನನ್ನ ತಮ್ಮನ ಕೈಗೆ ಬೇಡಿ ತೊಡಿಸಿದ ಮೇಲೆ ನಾನು ಅವನಿಗೆ ಮೇಡಂ ಆಗಿಬಿಟ್ಟಿದ್ದೆ.

“ನನ್ನ ಸ್ಕ್ರೂಡ್ರೈವರ್ ಕೆಳಗಿಡು,” ಎಂದರು ರಿಪೇರಿ ಅಂಗಡಿಯ ತಂತಿ ಮಾಮ. “ನನ್ನ ಮೇಜಿನ ಮೇಲೆ ಸಾಮಾನು ಬಿಚ್ಚೋದು ನಾನು. ಬೇರೆಯವರಲ್ಲ.”

“ಹಾಗಾದ್ರೆ ನೀವೇ ಬಿಚ್ಚಿ ಮಾಮ. ಬೆಳಗ್ಗೆಯಿಂದ ಅದನ್ನೇ ಕೇಳ್ತಾ ಇದೀನಿ.”

“ಬಿಚ್ಚೋ ಅಗತ್ಯ ಇಲ್ಲ. ಅದರಲ್ಲಿ ಏನೂ ಕೆಟ್ಟಿಲ್ಲ.”

ನಾನು ಎರಡನೇ ಸ್ಕ್ರೂಗೆ ಕೈಹಾಕಿದೆ.

ಮಹಡಿ ಮೆಟ್ಟಿಲ ಕೆಳಗಿನ ಆ ಅಂಗಡಿಯಲ್ಲಿ ನಾಲ್ಕು ಜನ ನಿಂತರೆ ಐದನೆಯವರು ಉಸಿರಾಡಲು ರಸ್ತೆಗೇ ಹೋಗಬೇಕು. ಹೊಟ್ಟೆ ಬಗೆದ ಆಂಪ್ಲಿಫೈಯರುಗಳು, ಹಲ್ಲುದುರಿದ ಕೀಬೋರ್ಡುಗಳು, ಬಿಸ್ಕತ್ತಿನ ಡಬ್ಬಿಗಳ ತುಂಬ ಸ್ಕ್ರೂಗಳು. ಗೋಡೆಯ ಮೇಲೆ ಮಾಮನ ಕೈಬರಹದ ಬೋರ್ಡು: ‘ಇಲ್ಲಿಂದ ಹೋದದ್ದು ಅದೇ ದೋಷಕ್ಕೆ ಮತ್ತೆ ಬಂದಿಲ್ಲ.’ ಮೂವತ್ತು ವರ್ಷದಿಂದ ಆ ಬೋರ್ಡು ಅಲ್ಲೇ ಇದೆ. ಆ ಜಂಬವೂ ಹಾಗೇ ಇದೆ.

ನಾಲ್ಕನೆಯವರು ಇನ್‌ಸ್ಪೆಕ್ಟರ್. ಅಂಗಡಿಯ ಒಂದೇ ಒಂದು ಸ್ಟೂಲನ್ನು ಹಿಡಿದು ಕುಳಿತು ಗಡಿಯಾರ ನೋಡುತ್ತಿದ್ದರು.

“ಒಂದು ಗಂಟೆ ಟೈಮ್ ಅಂದಿದ್ದೆ ಮೇಡಂ. ಆಗಲೇ ಹನ್ನೊಂದೂ ಇಪ್ಪತ್ತು. ಹನ್ನೆರಡಕ್ಕೆ ಗಿಟಾರ್ ವಾಪಸ್ ಸ್ಟೇಷನ್‌ಗೆ. ಎರಡು ಗಂಟೆಗೆ ನಿಮ್ಮ ತಮ್ಮ ಕೋರ್ಟ್‌ಗೆ. ಮೂರು ಕಡೆಗೂ ಸ್ವಿಚ್ ಹಾಕಿ ನುಡಿಸಿ ನೋಡಿದ್ರಿ, ಮೂರು ಕಡೆಯೂ ಚೆನ್ನಾಗಿ ಕೇಳ್ತು. ಇನ್ನೇನು ನೋಡೋದಿದೆ?”

“ಚೆನ್ನಾಗಿ ಕೇಳ್ತು ಅನ್ನೋದೇ ತೊಂದರೆ ಸರ್.”

ಲೀಡ್ ಕಿಸಕ್ಕನೆ ನಕ್ಕ. “ರೇಡಿಯೋದಲ್ಲಿದ್ದೋರು ಅಲ್ವಾ ಸರ್. ಚೆನ್ನಾಗಿ ಕೇಳಿಸಿದ್ರೆ ಇವರಿಗೆ ಅನುಮಾನ.”

ಹೌದು, ಇಪ್ಪತ್ತೆರಡು ವರ್ಷ ರೇಡಿಯೋ ನಿಲಯದಲ್ಲಿ ಧ್ವನಿಮುದ್ರಣ ಮಾಡಿದವಳು ನಾನು. ಆ ಕೆಲಸ ಬಿಟ್ಟ ಮೇಲೆ ಪತ್ತೇದಾರಿಗೆ ಇಳಿದೆ. ಕಣ್ಣಿಗೆ ಮಣ್ಣೆರಚುವವರು ಬೇಕಾದಷ್ಟು ಜನರಿದ್ದಾರೆ, ಆದರೆ ನನ್ನ ಕಿವಿಗೆ ಮಣ್ಣೆರಚಿದವರನ್ನು ನಾನಿನ್ನೂ ಕಂಡಿರಲಿಲ್ಲ.

ವಿಷಯ ಇಷ್ಟೇ. ಮಂಗಳವಾರ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ತಂಡದ ಗಾಯಕನನ್ನು ರಿಹರ್ಸಲ್ ಕೋಣೆಯಲ್ಲಿ ಮೈಕ್ ಸ್ಟ್ಯಾಂಡಿನಿಂದ ಹೊಡೆದು ಕೊಂದಿದ್ದರು. ಆ ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ ಮಾತ್ರ: ಒಬ್ಬ ಈ ಲೀಡ್, ಇನ್ನೊಬ್ಬ ಡ್ರಮ್ಸ್ ಬಾರಿಸುವ ನನ್ನ ತಮ್ಮ. ಗಾಯಕ ಇಬ್ಬರನ್ನೂ ಬಿಟ್ಟು ಬೇರೆ ತಂಡ ಕಟ್ಟಲು ಹೊರಟಿದ್ದ, ಹಾಗಾಗಿ ಸಿಟ್ಟು ಇಬ್ಬರಿಗೂ ಇತ್ತು.

ತಲೆನೋವೆಂದು ಮನೆಯಲ್ಲಿ ಮಲಗಿದ್ದೆ ಎಂದ ನನ್ನ ತಮ್ಮ. ಅದಕ್ಕೆ ಅವನ ದಿಂಬು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಲೀಡ್ ಹಾಗಲ್ಲ. ಮಂಗಳವಾರ ಮೂರೂ ಐದರಿಂದ ಮೂರೂ ಐವತ್ತೈದರವರೆಗೆ ಮನೆಯಲ್ಲಿ ಒಬ್ಬನೇ ಕೂತು ಎಡೆಬಿಡದೆ ನುಡಿಸಿದ ರೆಕಾರ್ಡಿಂಗನ್ನೇ ಗುರುವಾರ ಪೊಲೀಸರ ಮುಂದೆ ಇಟ್ಟ. ಕಂಪ್ಯೂಟರಿನಲ್ಲಿ ದಿನಾಂಕ, ಸಮಯ ಎಲ್ಲ ಅಚ್ಚುಕಟ್ಟಾಗಿತ್ತು. ಕಂಪ್ಯೂಟರಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಲು ಎರಡು ನಿಮಿಷವೂ ಬೇಡ ಎಂದು ನಾನು ಬಾಯಿ ಬಡಿದುಕೊಂಡೆ. ಯಾರೂ ಕಿವಿಗೊಡಲಿಲ್ಲ.

ಅಮ್ಮ ತೀರಿಕೊಂಡಾಗ ತಮ್ಮನಿಗೆ ಒಂಬತ್ತು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದ್ದು ನಾನು, ಮೊದಲ ಡ್ರಮ್ ಕೊಡಿಸಿ ಅಕ್ಕಪಕ್ಕದವರ ಬೈಗುಳ ತಿಂದದ್ದೂ ನಾನು. ಅವನಿಗೆ ಕೋಪ ಬರುತ್ತದೆ, ಇಲ್ಲವೆನ್ನುವುದಿಲ್ಲ, ನಮ್ಮ ವಂಶದಲ್ಲೇ ಅದು ಮೂಗಿನ ತುದಿಯಲ್ಲಿದೆ. ಆದರೆ ಅದು ಮನುಷ್ಯನನ್ನು ಕೊಲ್ಲುವ ಕೈಯಲ್ಲ. ಎರಡು ಗಂಟೆಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಿ ಜೈಲಿಗೆ ಕಳಿಸುತ್ತಾರೆ.

ನಾಲ್ಕನೇ ಸ್ಕ್ರೂ ಕೈಗೆ ಬಂತು. ಮುಚ್ಚಳ ತೆಗೆದು ದೀಪ ಹತ್ತಿರ ಎಳೆದೆ.

“ಸರ್, ಹತ್ತಿರ ಬನ್ನಿ. ಮುಟ್ಟಬೇಡಿ, ನೋಡಿ ಸಾಕು. ಈ ಗಿಟಾರ್‌ನಲ್ಲಿ ಎರಡು ಪಿಕಪ್ ಇದೆ. ಸ್ಟ್ರಿಂಗ್‌ಗಳ ಅಡಿಯಲ್ಲಿ ಕೂತು ಅವುಗಳ ನಡುಕಾನ ಕರೆಂಟ್ ಮಾಡಿ ಆಂಪ್‌ಗೆ ಕಳಿಸೋದು ಅದರ ಕೆಲಸ. ಕತ್ತಿನ ಕಡೆಯದು ಕೆಟ್ಟಿತ್ತು. ಮಾಮ ಅದನ್ನ ತೆಗೆದು ಹೊಸದು ಹಾಕಿ ಸೋಮವಾರ ಸಂಜೆ ಕೊಟ್ರು. ಅಲ್ವಾ ಮಾಮ?”

“ಹೂಂ.”

“ಸ್ವಿಚ್ ಮೇಲಿಟ್ಟರೆ ಹೊಸ ಪಿಕಪ್, ಕೆಳಗಿಟ್ಟರೆ ಹಳೇದು. ನಡುವೆ ಇಟ್ಟರೆ ಎರಡೂ ಒಟ್ಟಿಗೆ.”

“ಪಾಠ ಬೇಡ, ವಿಷಯ ಹೇಳಿ,” ಎಂದರು ಇನ್‌ಸ್ಪೆಕ್ಟರ್.

“ಇದೇ ವಿಷಯ. ಹೊಸ ಪಿಕಪ್‌ನಿಂದ ಎರಡು ತಂತಿ ಬಂದಿದೆ, ಒಂದು ಕಪ್ಪು, ಒಂದು ಬಿಳಿ. ಒಂದು ಈ ದುಂಡು ಡಬ್ಬಿಯ ಬೆನ್ನಿಗೆ, ಅಂದ್ರೆ ವಾಲ್ಯೂಮ್ ಗುಂಡಿಯ ಕೆಳಗಿರೋ ಪಾಟ್‌ಗೆ. ಇನ್ನೊಂದು ಈ ಸ್ವಿಚ್ಚಿಗೆ. ಬೆನ್ನಿನ ಮೇಲೆ ಈಗ ಯಾವ ಬಣ್ಣ ಇದೆ?”

“ಬಿಳಿ.”

“ಮಾಮ ಮೂವತ್ತು ವರ್ಷದಲ್ಲಿ ಒಂದು ಸಲಾನೂ ಬಿಳಿ ತಂತಿಯನ್ನ ಬೆನ್ನಿಗೆ ಹಾಕಿದವರಲ್ಲ. ಕಪ್ಪು ಬೆನ್ನಿಗೆ, ಬಿಳಿ ಸ್ವಿಚ್ಚಿಗೆ. ಕಣ್ಣು ಕಟ್ಟಿದ್ರೂ ಹಾಗೇ ಹಾಕ್ತಾರೆ. ನನಗೆ ಈ ಮೇಜಿನ ಮೇಲೇ ಸೋಲ್ಡರ್ ಕರಗಿಸಿ ತಂತಿ ಬೆಸೆಯೋದು ಕಲಿಸಿದವರು ಅವರು. ತಪ್ಪಿದ್ರೆ ಬೆರಳ ಗೆಣ್ಣಿಗೆ ಸ್ಕೇಲಿನ ಏಟು.”

ಮಾಮ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಅದು ಒರೆಸುವಷ್ಟು ಕೊಳೆಯಾಗಿರಲಿಲ್ಲ.

ಭೂತಗನ್ನಡಿಯನ್ನು ಇನ್‌ಸ್ಪೆಕ್ಟರ್ ಕೈಗೆ ಕೊಟ್ಟೆ. “ಬಿಳಿ ತಂತಿಯ ಬುಡ ನೋಡಿ. ಅಲ್ಲಿ ಸೋಲ್ಡರ್ ಎರಡು ಪದರ ಇದೆ. ಕೆಳಗಿನದು ಹೊಳೀತಾ ಇದೆ, ಮೇಲಿನದು ಮಂಕು. ಆ ಹೊಳೆಯೋ ಪದರದ ಅಂಚಲ್ಲಿ ಏನು ಕಾಣುತ್ತೆ?”

ಅವರು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. “ಸಣ್ಣದೊಂದು ತುಂಡು. ಕಪ್ಪು ಪ್ಲಾಸ್ಟಿಕ್ಕು.”

“ಕಪ್ಪು ತಂತಿಯ ಮೋಟು ಸರ್. ಮೊದಲು ಅಲ್ಲಿದ್ದದ್ದು ಕಪ್ಪು. ಆಮೇಲೆ ಅದನ್ನ ಅವಸರದಲ್ಲಿ ಕತ್ತರಿಸಿ ಸ್ವಿಚ್ಚಿಗೆ ಹಾಕಿ, ಬಿಳೀನ ಇಲ್ಲಿಗೆ ತಂದಿದಾರೆ. ತಂತಿ ಅದಲುಬದಲಾಗಿದೆ.”

“ಅದಲುಬದಲಾದ್ರೆ ಏನಾಯ್ತು?”

“ಅದನ್ನ ಹೇಳಲ್ಲ, ಕೇಳಿಸ್ತೀನಿ. ನಿಮ್ಮ ಫೋನಲ್ಲಿ ವಿಡಿಯೋ ಹಿಡೀರಿ. ಈಗ ಹೇಗಿದೆಯೋ ಅದರ ಫೋಟೋನೂ ತೆಗೀರಿ.”

ಲೀಡ್ ಮೇಜಿನತ್ತ ನುಗ್ಗಿದ. “ಸರ್, ಇದು ಸಾಕ್ಷಿ ಸಾಮಾನು! ಇವರ ತಮ್ಮನೇ ಆರೋಪಿ. ಇವರು ಅದನ್ನ ಕತ್ತರಿಸಿ ಅಂಟಿಸ್ತಾರೆ, ನೀವು ನೋಡ್ತಾ ಕೂತಿರ್ತೀರಾ?”

“ಕತ್ತರಿಸಲ್ಲ,” ಎಂದೆ. “ಬಿಸಿ ಮಾಡಿ ಬಿಡಿಸಿ, ಎರಡು ಕ್ಲಿಪ್ ಹಾಕ್ತೀನಿ. ಪದರಕ್ಕೆ, ಮೋಟಿಗೆ ಏನೂ ಆಗಲ್ಲ. ನಿನಗ್ಯಾಕಪ್ಪಾ ಇಷ್ಟು ಬೆವರು?”

“ಸೆಖೆ.”

“ಫ್ಯಾನ್ ನಿನ್ನ ತಲೆ ಮೇಲೇ ತಿರುಗ್ತಾ ಇದೆ.”

ಇನ್‌ಸ್ಪೆಕ್ಟರ್ ಲೀಡ್‌ನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಇಬ್ಬರಲ್ಲಿ ಯಾರೂ ಅವರಿಗೆ ಇಷ್ಟವಾದಂತೆ ಕಾಣಲಿಲ್ಲ. “ಮಾಡಿ. ಬೇಗ,” ಎಂದು ಫೋನ್ ಎತ್ತಿ ಹಿಡಿದರು.

ಬೆಸುಗೆಯ ಐರನ್ ಕಾದಿತ್ತು. ಬಿಳಿ ತಂತಿಯನ್ನು ಬಿಡಿಸಿ ಕ್ಲಿಪ್ಪಿನಿಂದ ಸ್ವಿಚ್ಚಿಗೆ, ಕಪ್ಪನ್ನು ಬಿಡಿಸಿ ಪಾಟ್‌ನ ಬೆನ್ನಿಗೆ. ಆಮೇಲೆ ಗಿಟಾರನ್ನು ಎತ್ತಿ ಲೀಡ್‌ನ ತೋಳಿಗೆ ಒತ್ತಿದೆ.

“ನುಡಿಸು.”

“ನುಡಿಸಲ್ಲ.”

“ನುಡಿಸಯ್ಯಾ,” ಎಂದರು ಇನ್‌ಸ್ಪೆಕ್ಟರ್.

ಅವನು ಹಲ್ಲು ಕಡಿಯುತ್ತ ನುಡಿಸಿದ. ಸ್ವಿಚ್ ಮೇಲಿದ್ದಾಗ ತುಂಬು ದನಿ. ಕೆಳಗಿದ್ದಾಗ ಚೂಪಾದ ದನಿ. ಎರಡರಲ್ಲೂ ಕೊರತೆಯಿಲ್ಲ. “ನಡುವೆ,” ಎಂದೆ. ಟಕ್ ಎಂದು ಸ್ವಿಚ್ ನಡುವೆ ಕೂತಿತು.

ಅಂಗಡಿಯಲ್ಲಿದ್ದ ದನಿಯೇ ಬಡಕಲಾಗಿಹೋಯಿತು. ನೆಗಡಿ ಬಂದ ಮೂಗಿನಿಂದ ಹಾಡಿದ ಹಾಗೆ, ತೆಳ್ಳಗೆ, ಪೊಳ್ಳಾಗಿ. ಸಂಗೀತದ ಗಂಧಗಾಳಿ ಇಲ್ಲದ ಇನ್‌ಸ್ಪೆಕ್ಟರ್ ಕೂಡ ಮುಖ ಕಿವುಚಿದರು.

“ಇದೇನ್ರೀ ಹೀಗೆ?”

“ಹೊಸ ಪಿಕಪ್ ಬೇರೆ ಕಂಪನಿಯದು. ಅದರೊಳಗೆ ಸುರುಳಿ ಸುತ್ತಿರೋ ದಿಕ್ಕೇ ಬೇರೆ. ಹಳೇ ಕಂಪನಿಯ ಬಣ್ಣ ನಂಬಿ ಕಪ್ಪನ್ನ ಬೆನ್ನಿಗೆ ಹಾಕಿದ್ರೆ ಎರಡು ಪಿಕಪ್ ಒಂದಕ್ಕೊಂದು ಎದುರಾಳಿ ಆಗುತ್ತೆ. ಇಬ್ಬರು ಒಂದು ಬೀರು ಸರಿಸೋವಾಗ ಒಬ್ಬ ಈ ಕಡೆಯಿಂದ, ಇನ್ನೊಬ್ಬ ಆ ಕಡೆಯಿಂದ ತಳ್ಳಿದ ಹಾಗೆ. ಒಂದೊಂದೇ ನುಡಿಸಿದ್ರೆ ಗೊತ್ತಾಗೋದೇ ಇಲ್ಲ. ಒಟ್ಟಿಗೆ ನುಡಿಸಿದಾಗ ಮಾತ್ರ ಬಣ್ಣ ಬಯಲಾಗುತ್ತೆ.”

ನನ್ನ ಫೋನ್ ತೆಗೆದು ಲೀಡ್‌ನ ರೆಕಾರ್ಡಿಂಗ್ ಹಾಕಿದೆ. ಮೊದಲಿಗೆ ಅವನದೇ ದನಿ: “ಮಂಗಳವಾರ, ಮೂರು ಗಂಟೆ ಐದು ನಿಮಿಷ. ಹೊಸ ಪಿಕಪ್, ಮೊದಲ ಟೇಕ್.” ಹನ್ನೊಂದನೇ ನಿಮಿಷಕ್ಕೆ ಓಡಿಸಿದೆ. ಟಕ್ ಎಂದು ಸ್ವಿಚ್ ಬಿದ್ದ ಸದ್ದು. ಎರಡೂ ಪಿಕಪ್ ಒಟ್ಟಿಗೆ, ತುಂಬಿ ತುಳುಕುವ ದನಿ.

“ಕೇಳಿದ್ರಾ ಸರ್? ಸೋಮವಾರ ಸಂಜೆ ಮಾಮ ಕಪ್ಪನ್ನ ಬೆನ್ನಿಗೆ ಹಾಕಿ ಕೊಟ್ಟಾಗ ಈ ಗಿಟಾರ್‌ಗೆ ಮೂಗು ಕಟ್ಟಿತ್ತು. ಮಂಗಳವಾರ ಇದೇ ಗಿಟಾರ್ ನುಡಿಸಿದ್ದಿದ್ರೆ ರೆಕಾರ್ಡಿಂಗಲ್ಲೂ ಮೂಗು ಕಟ್ಟಿರಬೇಕಿತ್ತು. ಕಟ್ಟಿಲ್ಲ. ಅಂದ್ರೆ ಇದು ತಂತಿ ಸರಿಮಾಡಿಸಿದ ಮೇಲೆ ಮಾಡಿದ ರೆಕಾರ್ಡಿಂಗ್. ಕೊಲೆ ಆದಮೇಲೆ ಇವನು ಕೂತು ಸುಳ್ಳು ಸಾಕ್ಷಿ ಹೆಣೆದಿದಾನೆ. ಅದಕ್ಕೂ ಮುಂಚೆ ಸೌಂಡ್ ತೆಳ್ಳಗಿದೆ ಅಂತ ರಿಪೇರಿಗೆ ಕೊಟ್ಟಿದಾನೆ. ಕೊಲೆಗಿಂತ ಸೌಂಡ್ ಮುಖ್ಯ ಈ ಮಹಾಶಯನಿಗೆ!”

ಲೀಡ್‌ನ ಮುಖ ಹುಳ್ಳಗಾಯಿತು. ಆದರೆ ಅದು ಒಂದೇ ಕ್ಷಣ. ಆಮೇಲೆ ಅವನು ಮಾಮನ ಕಡೆ ನೋಡಿದ. ಮಾಮ ಅವನ ಕಡೆ ನೋಡಲಿಲ್ಲ.

“ತಂತಿ ಅದಲುಬದಲು ಮಾಡಿದ್ದು ಯಾರು?” ಇನ್‌ಸ್ಪೆಕ್ಟರ್ ಕೇಳಿದರು.

“ನಾನೇ,” ಎಂದರು ಮಾಮ.

“ಯಾವಾಗ?”

“ಸೋಮವಾರ. ಕೊಡೋಕ್ಕೆ ಮುಂಚೆ. ಕಪ್ಪು ಹಾಕಿದೆ, ನುಡಿಸಿ ನೋಡಿದೆ, ತೆಳ್ಳಗೆ ಕೇಳ್ತು, ತಿರುಗಿಸಿ ಹಾಕಿದೆ. ಅಷ್ಟೇ. ಸೋಮವಾರ ಸಂಜೆ ಹೋಗೋವಾಗ ಗಿಟಾರ್ ಸರಿಯಾಗಿತ್ತು.”

ರಾತ್ರಿಯೆಲ್ಲ ನಿದ್ದೆಗೆಟ್ಟು ಕಟ್ಟಿದ್ದನ್ನು ಈ ಮುದುಕ ಒಂದೇ ಮಾತಿನಲ್ಲಿ ಕೆಡವಿಬಿಟ್ಟಿದ್ದರು.

“ಮುಗೀತಲ್ಲ,” ಎಂದು ಲೀಡ್ ಗಿಟಾರನ್ನು ಮೇಜಿಗಿಟ್ಟ. “ಬುಧವಾರ ಆಗಲಿ ಗುರುವಾರ ಆಗಲಿ, ನಾನು ಈ ಅಂಗಡಿಯ ಹೊಸ್ತಿಲು ತುಳಿದಿಲ್ಲ ಸರ್. ಅಕ್ಕಪಕ್ಕದ ಅಂಗಡಿಯವರನ್ನೇ ಕೇಳಿ. ತುಳಿದಿದ್ರೆ ನೇಣಿಗೆ ಹಾಕಿ.”

ಅದೆಷ್ಟು ಧೈರ್ಯವಾಗಿ ಹೇಳಿದನೆಂದರೆ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಆದರೆ ನನ್ನ ಸಿಟ್ಟು ತಿರುಗಿದ್ದು ಮಾಮನ ಕಡೆಗೆ.

“ಸುಳ್ಳು ಹೇಳ್ತಾ ಇದೀರಿ.”

“ನಾಲಿಗೆ ಬಿಗಿ ಹಿಡಿದು ಮಾತಾಡು.”

“ನೀವು ನುಡಿಸಿ ನೋಡಿದ್ರಾ? ಎಂದಿನಿಂದ? ನಿಮಗೆ ಗಿಟಾರ್ ನುಡಿಸೋಕೇ ಬರಲ್ಲ ಮಾಮ! ಆಂಪ್ ಹಾಕಿ, ಸ್ಕ್ರೂಡ್ರೈವರಿನಿಂದ ಒಂದೊಂದು ಪಿಕಪ್ಪನ್ನೂ ಟಕ್ ಟಕ್ ಅಂತ ತಟ್ಟಿ ನೋಡ್ತೀರಿ. ಮೇಲೊಂದು ಸಲ, ಕೆಳಗೊಂದು ಸಲ. ಎರಡೂ ಜೀವಂತ ಇದೆ ಅಂತ ಮುಚ್ಚಳ ಹಾಕ್ತೀರಿ. ನಡುವೆ ನೋಡೋದೇ ಇಲ್ಲ. ತಟ್ಟಿ ನೋಡೋರಿಗೆ ಈ ದೋಷ ಸಾಯೋವರೆಗೂ ಸಿಗಲ್ಲ.”

ಮಾಮನ ಕಿವಿ ಕೆಂಪಾಯಿತು.

“ತಪ್ಪಾಯ್ತು ಅನ್ನೋಕೆ ಅಷ್ಟು ಕಷ್ಟಾನಾ? ಈ ಹಲಗೆ ಕೆಳಗಿಳಿಸಬೇಕಾಗುತ್ತೆ ಅಂತ ಹೆದರಿಕೆನಾ?” ನಾನು ಬೋರ್ಡಿನತ್ತ ಬೆರಳು ತೋರಿಸಿದೆ. “ನಿಮ್ಮ ಒಂದು ಬೋರ್ಡಿಗೋಸ್ಕರ ನನ್ನ ತಮ್ಮ ಜೈಲಿಗೆ ಹೋಗಬೇಕಾ? ಅವನು ಚಿಕ್ಕವನಿದ್ದಾಗ ಇದೇ ಮೇಜಿನ ಕೆಳಗೆ ಆಡ್ತಾ ಬೆಳೆದವನಲ್ವಾ?”

“ಬಿಡು ತಾಯಿ,” ಎಂದರು ಮಾಮ. ಬೈಗುಳಕ್ಕೆ ಬೈಗುಳ ಎಸೆಯುವ ಮನುಷ್ಯ, ಆ ಎರಡು ಪದಗಳನ್ನು ಬಹಳ ಮೆಲ್ಲಗೆ ಹೇಳಿದರು. “ಇಲ್ಲಿಗೆ ಬಿಡು. ಸೋಮವಾರ ಅಂದೆನಲ್ಲ, ಸೋಮವಾರವೇ.”

ನಾನು ಬಿಡಲಿಲ್ಲ. ಬಿಡುವ ಜಾಯಮಾನವೇ ನನ್ನದಲ್ಲ, ಅದಕ್ಕಾಗಿ ಎಷ್ಟೋ ಜನ ನನ್ನನ್ನು ಬಿಟ್ಟಿದ್ದಾರೆ.

ಹನ್ನೆರಡಕ್ಕೆ ಹದಿನೈದು ನಿಮಿಷವಿತ್ತು. ಮತ್ತೊಮ್ಮೆ ಭೂತಗನ್ನಡಿ ಹಿಡಿದೆ. ಹೊಳೆಯುವ ಪದರ, ಅದರ ಮೇಲೆ ಮಂಕು ಪದರ. ಒಬ್ಬರೇ, ಒಂದೇ ಸಂಜೆ, ಒಂದೇ ಐರನ್ನಿನಿಂದ ಹಾಕಿದ್ದರೆ ಎರಡೂ ಒಂದೇ ಬಣ್ಣ ಇರಬೇಕಲ್ಲ?

ತಲೆಯೆತ್ತಿ ಮೇಜಿನ ಮೇಲೆ ಕಣ್ಣಾಡಿಸಿದೆ. ಐರನ್ನಿನ ಪಕ್ಕದಲ್ಲಿ ಸೋಲ್ಡರ್ ತಂತಿಯ ಸುರುಳಿ ಇತ್ತು, ಹೆಚ್ಚುಕಡಿಮೆ ತುಂಬಿದ್ದು. ಹಿಂದಿನ ಗೋಡೆಯ ಮೊಳೆಗೆ ಖಾಲಿಯಾದ ಸುರುಳಿಗಳು ಸಾಲಾಗಿ ನೇತಾಡುತ್ತಿದ್ದವು. ಮಾಮನ ಪದ್ಧತಿ ನನಗೆ ಗೊತ್ತು. ಪ್ರತಿ ಹೊಸ ಸುರುಳಿ ತೆರೆದ ದಿನವೇ ಅದರ ಬಿಲ್ಲೆಯ ಮೇಲೆ ಮಾರ್ಕರಿನಿಂದ ತಾರೀಖು ಬರೆಯುತ್ತಾರೆ. ಸೋಲ್ಡರ್ ಮಾರುವವನು ತೂಕದಲ್ಲಿ ಮೋಸ ಮಾಡಿದನೋ ಇಲ್ಲವೋ ಎಂದು ಹಿಡಿಯಲು ಅವರು ಕಂಡುಕೊಂಡ ಉಪಾಯ.

ಸುರುಳಿಯನ್ನು ಎತ್ತಿಕೊಂಡೆ. ಮಾಮ ತಡೆಯಲು ಕೈ ಚಾಚಿದರು, ಆದರೆ ತಡವಾಗಿತ್ತು.

“ಸರ್, ಇದರ ಮೇಲಿನ ತಾರೀಖು ಓದಿ.”

ಇನ್‌ಸ್ಪೆಕ್ಟರ್ ಓದಿದರು. “ಇದು… ಮಂಗಳವಾರದ್ದು.”

“ಇದರ ಜಾತಿ ಬೇರೆ, ಸೀಸ ಇಲ್ಲದ ಸೋಲ್ಡರ್. ಆರಿದ ಮೇಲೆ ಮಂಕಾಗುತ್ತೆ. ಹಿಂದಿನ ಸುರುಳಿ ಸೀಸದ್ದು, ಅದು ಹೊಳೆಯುತ್ತೆ. ಬನ್ನಿ, ಎರಡನ್ನೂ ಒಂದೊಂದು ಹನಿ ಕರಗಿಸಿ ತೋರಿಸ್ತೀನಿ.”

ಮೊಳೆಯ ಮೇಲಿನ ಕೊನೆಯ ಸುರುಳಿಯಲ್ಲಿ ಬೆರಳುದ್ದ ತಂತಿ ಉಳಿದಿತ್ತು. ತಗಡಿನ ತುಂಡಿನ ಮೇಲೆ ಹಳೆಯದನ್ನು ಒಂದು ಹನಿ, ಹೊಸದನ್ನು ಒಂದು ಹನಿ ಕರಗಿಸಿದೆ. ಒಂದು ಕನ್ನಡಿಯಷ್ಟು ಹೊಳೆಯಿತು, ಇನ್ನೊಂದು ಬೂದಿ ಬಣ್ಣಕ್ಕೆ ತಿರುಗಿತು. ಇನ್‌ಸ್ಪೆಕ್ಟರ್ ಆ ಹನಿಗಳನ್ನೂ ಗಿಟಾರಿನ ಒಳಗನ್ನೂ ಮೂರು ನಾಲ್ಕು ಸಲ ಹೋಲಿಸಿ ನೋಡಿದರು.

“ಕಪ್ಪು ತಂತಿ ಹಾಕಿದ್ದು ಹಳೇ ಸೋಲ್ಡರಲ್ಲಿ, ಸೋಮವಾರ,” ಎಂದೆ. “ಬಿಳಿ ತಂತಿ ಹಾಕಿದ್ದು ಹೊಸದರಲ್ಲಿ. ಸೋಮವಾರ ಈ ಸುರುಳಿಯನ್ನ ಇನ್ನೂ ತೆರೆದೇ ಇರಲಿಲ್ಲ. ಮಂಗಳವಾರ ಗಿಟಾರ್ ಮನೆ ಬಿಟ್ಟು ಕದಲಿಲ್ಲ ಅಂತ ಇವನೇ ನಿಮಗೆ ಹೇಳಿಕೆ ಕೊಟ್ಟಿದಾನೆ. ಗುರುವಾರ ಬೆಳಗ್ಗೆಯೇ ನೀವು ಅದನ್ನ ವಶಕ್ಕೆ ತಗೊಂಡಿರಿ. ಇನ್ನು ಉಳಿದಿರೋದು ಒಂದೇ ದಿನ.”

“ಬುಧವಾರ,” ಎಂದರು ಇನ್‌ಸ್ಪೆಕ್ಟರ್.

ಅವರ ದನಿ ಬದಲಾಗಿತ್ತು. ಎದ್ದು ನಿಂತು, ಅಂಗಡಿಯ ಬಾಗಿಲಿಗೆ ಬೆನ್ನು ಕೊಟ್ಟು, ಲೀಡ್ ಹೊರಗೆ ಹೋಗದ ಹಾಗೆ ನಿಂತರು. ನನಗೆ ಜೋರಾಗಿ ಅಳಬೇಕೆನ್ನಿಸಿತು. ಗೆದ್ದುಬಿಟ್ಟಿದ್ದೆ. ಎರಡು ಗಂಟೆಯ ಕೋರ್ಟು, ಜೈಲಿನ ಬಾಗಿಲು ಎಲ್ಲ ದೂರ ಸರಿದಿತ್ತು. ಸಂಜೆಗೆ ತಮ್ಮ ಮನೆಯಲ್ಲಿರುತ್ತಾನೆ, ಸ್ನಾನ ಮಾಡಿ ಬಿಸಿಬಿಸಿ ಅನ್ನ ಉಣ್ಣುತ್ತಾನೆ ಎಂದೆಲ್ಲ ಮನಸ್ಸು ಓಡಿತು.

ಲೀಡ್ ಈಗ ನಗುತ್ತಿರಲಿಲ್ಲ. ಕೂಗಾಡುತ್ತಲೂ ಇರಲಿಲ್ಲ. ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದ.

“ಅಕ್ಕ,” ಎಂದ.

ಗುರುವಾರದಿಂದ ಮೇಡಂ ಆಗಿದ್ದವಳು ಮತ್ತೆ ಅಕ್ಕ. ಮೈ ಉರಿಯಿತು.

“ಹಾಗೆ ಕರೀಬೇಡ ನನ್ನ.”

“ಇಲ್ಲಿಗೆ ನಿಲ್ಲಿಸಿ ಅಕ್ಕ. ನನ್ನ ರೆಕಾರ್ಡಿಂಗ್ ಸುಳ್ಳು ಅಂತ ತೋರಿಸಿದ್ರಿ, ಆಯ್ತು. ಇದಕ್ಕಿಂತ ಮುಂದೆ ಕೇಳಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಾ ಇದೀನಿ.”

“ನೋಡಿ ಸರ್, ನಿಮ್ಮೆದುರೇ ನನ್ನನ್ನ ಬೆದರಿಸ್ತಾನೆ!” ಎಂದು ನಾನು ಮಾಮನ ಎದುರಿಗೆ ಹೋಗಿ ನಿಂತೆ. ಅವರ ಕೈ ಹಿಡಿದೆ. ಹಿಡಿದದ್ದಲ್ಲ, ಅಮುಕಿದೆ ಎಂದರೆ ಸರಿ. “ಈಗ ಹೇಳಿ ಮಾಮ. ಬುಧವಾರ ಎಷ್ಟು ಗಂಟೆಗೆ ಬಂದ ಇವನು? ಏನಂದ? ಒಂದೊಂದು ಮಾತೂ ಹೇಳಿ. ನಿಮ್ಮ ಮರ್ಯಾದೆ ಉಳಿಸ್ಕೊಳ್ಳೋಕೆ ಆಡಿದ ಸುಳ್ಳನ್ನ ನಾನು ಮರೀತೀನಿ.”

ಮಾಮ ನನ್ನ ಕೈ ಬಿಡಿಸಿಕೊಂಡರು. ಅವರ ಕಣ್ಣಲ್ಲಿ ಈಗ ನಿಜವಾದ ಕೋಪವಿತ್ತು. ಬೆಳಗ್ಗೆಯಿಂದ ನಾನು ಎಸೆದ ಮಾತೆಲ್ಲ ಅವರ ಮುಖದಲ್ಲಿ ಕಾಣುತ್ತಿತ್ತು.

“ನನ್ನ ಮರ್ಯಾದೆನಾ?” ಎಂದರು. “ಹೌದು, ನಾನು ನಡುವಿನ ಸ್ವಿಚ್ ನೋಡಿರಲಿಲ್ಲ. ತಪ್ಪು ನನ್ನದೇ. ಬೇಕಾದ್ರೆ ಆ ಹಲಗೇನ ಈಗಲೇ ಒಲೆಗೆ ಹಾಕ್ತೀನಿ. ಬುಧವಾರ ಬೆಳಗ್ಗೆ ಹತ್ತೂವರೆಗೆ ಗಿಟಾರ್ ವಾಪಸ್ ಬಂತು. ಹತ್ತೇ ನಿಮಿಷದಲ್ಲಿ ತಿರುಗಿಸಿ ಹಾಕಿಕೊಟ್ಟೆ. ಅವಸರ ಮಾಡಿದ್ರು, ಅದಕ್ಕೇ ಮೋಟು ಉಳೀತು. ಆದ್ರೆ ನಾನು ಸುಳ್ಳು ಹೇಳಿದ್ದು ನನಗೋಸ್ಕರ ಅಂದ್ಕೊಂಡ್ಯಾ?”

“ಮತ್ತೆ ಯಾರಿಗೋಸ್ಕರ? ಇವನಿಗಾ?”

“ಇವನು ಬಂದಿರಲಿಲ್ಲ. ಇವನು ಹೇಳಿದ್ದು ನಿಜ, ಸೋಮವಾರ ಆದಮೇಲೆ ಇವತ್ತೇ ಇವನು ಈ ಹೊಸ್ತಿಲು ತುಳಿದದ್ದು.” ಮಾಮ ಒಂದು ಕ್ಷಣ ಇನ್‌ಸ್ಪೆಕ್ಟರ್ ಕಡೆ ನೋಡಿದರು. ಆಮೇಲೆ ನನ್ನ ಕಡೆ. “ಗಿಟಾರ್ ತಂದದ್ದು ನಿನ್ನ ತಮ್ಮ.”



“ಸುಳ್ಳು,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ಆ ಮೆಟ್ಟಿಲ ಮೇಲೆ ಕೂತಿದ್ದ. ಎರಡು ಲೋಟ ನೀರು ಕುಡಿದ. ‘ಬೇಗ ಮಾಡಿಕೊಡಿ ಮಾಮ, ಮಧ್ಯಾಹ್ನದೊಳಗೆ ಲೀಡ್‌ಗೆ ಇದು ಬೇಕೇಬೇಕು’ ಅಂದ. ಹೋಗೋವಾಗ ನನ್ನ ಕಾಲು ಮುಟ್ಟಿ, ‘ನಾನು ಬಂದಿದ್ದೆ ಅಂತ ಅಕ್ಕನಿಗೆ ಮಾತ್ರ ಹೇಳಬೇಡಿ’ ಅಂದ. ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ನೀನು ಬಿಟ್ಯಾ?”

ಲೀಡ್‌ನ ಸುಳ್ಳು ರೆಕಾರ್ಡಿಂಗಿಗೆ ಗಿಟಾರ್ ಸರಿಮಾಡಿಸಿ ತಂದುಕೊಟ್ಟವನು, ಆ ರೆಕಾರ್ಡಿಂಗಿನಿಂದಲೇ ಜೈಲಿಗೆ ಹೋಗುತ್ತಿರುವ ನನ್ನ ತಮ್ಮ. ಯಾಕೆ? ಕೊಲೆಯಲ್ಲಿ ಅವನೂ ಇದ್ದನೇ, ಇಲ್ಲ ಲೀಡ್‌ನನ್ನು ಉಳಿಸಲೇ? ಲೀಡ್‌ನತ್ತ ತಿರುಗಿದೆ. ಅವನು ಕಣ್ಣು ಮುಚ್ಚಿಕೊಂಡು ತಲೆಯನ್ನು ಗೋಡೆಗೆ ಆನಿಸಿದ್ದ.

“ಮೇಡಂ,” ಎಂದರು ಇನ್‌ಸ್ಪೆಕ್ಟರ್. ವಿಡಿಯೋ ಇನ್ನೂ ಓಡುತ್ತಿದ್ದ ಫೋನನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಫೈಲು ತೆರೆದರು. “ಕೊಲೆ ಆದಮೇಲೆ ನಿಮ್ಮ ತಮ್ಮ ಲೀಡ್‌ನ ಮುಖಾನೇ ನೋಡಿಲ್ಲ, ಬುಧವಾರ ಇಡೀ ದಿನ ನಿಮ್ಮ ಕಣ್ಣೆದುರೇ ಮನೇಲಿ ಮಲಗಿದ್ದ ಅಂತ ನನಗೊಂದು ಹೇಳಿಕೆ ಬಂದಿದೆ.”

ಬುಧವಾರ ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ನಾನು ಬೇರೊಂದು ಕೇಸಿನ ಕೆಲಸಕ್ಕೆ ಹೋಗಿದ್ದೆ. ವಾಪಸು ಬಂದಾಗ ತಮ್ಮ ಹಾಸಿಗೆಯಲ್ಲೇ ಇದ್ದ, ಎದ್ದೇ ಇಲ್ಲ ಅಕ್ಕ ಎಂದಿದ್ದ. ನಾನು ನಂಬಿದ್ದೆ. ಪೊಲೀಸರು ಕೇಳಿದಾಗ ಒಂದು ನಿಮಿಷವೂ ಯೋಚಿಸದೆ ಬರೆದುಕೊಟ್ಟಿದ್ದೆ.

ಇನ್‌ಸ್ಪೆಕ್ಟರ್ ಆ ಹಾಳೆಯನ್ನು ತೆಗೆದು, ಬಿಚ್ಚಿದ ಗಿಟಾರಿನ ಪಕ್ಕದಲ್ಲಿ ನನ್ನ ಎದುರಿಗಿಟ್ಟು, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟರು.

“ಇದು ನಿಮ್ಮದೇ ಸಹಿ ಅಲ್ವಾ?”